ಬರೆಯುವುದೋ, ಕ್ಯಾಮೆರಾ ಹಿಡಿಯುವುದೋ? ಬೆಂಗಳೂರಿನಲ್ಲಿ ಆಕಾಶವನ್ನು ನಂಬಿ ದುಡಿಯಲು ಹೊರಟವರಿಗೆ

ಆಕಾಶದ ಹುಚ್ಚು ಹತ್ತಿದವರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು: ಇದರಲ್ಲೇ ಹೊಟ್ಟೆ ಹೊರೆಯಬಹುದೇ? ಬೆಂಗಳೂರಿನಲ್ಲಿ ಕೂತು ಹೀಗೆ ಕೇಳುವವರ ಮುಂದೆ ಐದು ದಾರಿಗಳಿವೆ. ಪತ್ರಿಕೆ, ಪುಸ್ತಕ, ಅನುವಾದ ಎಂದು ಸ್ವತಂತ್ರವಾಗಿ ಬರೆಯುವುದು. ಸಂಸ್ಥೆಯೊಂದಕ್ಕೆ ಸೇರಿ ವಿಜ್ಞಾನ ಸಂವಹನದ ಕೆಲಸ ಮಾಡುವುದು. ಬೆಟ್ಟ, ಗುಡಿ, ಕೆರೆಗಳ ಮೇಲಿನ ರಾತ್ರಿ ಆಕಾಶದ ಫೋಟೊ ತೆಗೆಯುವುದು. ಟೆಲಿಸ್ಕೋಪಿಗೆ ಕ್ಯಾಮೆರಾ ಕಟ್ಟಿ ನೀಹಾರಿಕೆ, ಗೆಲಾಕ್ಸಿಗಳ ಬೆನ್ನು ಹತ್ತುವುದು. ಕೊನೆಯದು, ಜನರನ್ನು ಕರೆದೊಯ್ದು ಆಕಾಶ ತೋರಿಸುವುದು, ಫೋಟೊ ತೆಗೆಯುವುದನ್ನು ಕಲಿಸುವುದು. ಎರಡನೆಯದನ್ನು ಬಿಟ್ಟರೆ ಯಾವುದೂ ತಿಂಗಳ ಮೊದಲ ತಾರೀಖಿಗೆ ಸಂಬಳ ತಂದು ಹಾಕುವುದಿಲ್ಲ. ಈ ಮಾತು ಮೊದಲೇ ಮನಸ್ಸಿನಲ್ಲಿರಲಿ.

ಅಳತೆಗೋಲು

ನಾಲ್ಕು ಪ್ರಶ್ನೆಗಳನ್ನು ಎದುರಿಗಿಟ್ಟುಕೊಳ್ಳಿ. ಮೊದಲ ರೂಪಾಯಿ ಕೈಗೆ ಬರುವ ಮುಂಚೆ ಎಷ್ಟು ದುಡ್ಡು, ಎಷ್ಟು ತಿಂಗಳು ಸುರಿಯಬೇಕು? ಕೆಲಸಕ್ಕೆ ಎಷ್ಟು ರಾತ್ರಿ ಬೇಕು, ನಿಮ್ಮ ಹತ್ತಿರ ಎಷ್ಟಿವೆ? ಮಾಡಿದ ಕೆಲಸದ ಹಕ್ಕು ಯಾರ ಬಳಿ ಉಳಿಯುತ್ತದೆ? ಬೆಂಗಳೂರಿನಲ್ಲಿರುವುದು ಆ ಕೆಲಸಕ್ಕೆ ಲಾಭವೋ, ನಷ್ಟವೋ?

ಎರಡನೆಯ ಪ್ರಶ್ನೆಯನ್ನು ಕಾಗದದ ಮೇಲೆ ಲೆಕ್ಕ ಹಾಕಿದವರು ಕಡಿಮೆ. ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ಅಮಾವಾಸ್ಯೆಯ ಆಚೀಚೆ ಐದೈದು ದಿನಕ್ಕೆ ಗುರುತು ಹಾಕಿ. ಶುಕ್ಲ ಪಂಚಮಿಯ ಚಂದ್ರ ಹತ್ತು ಗಂಟೆಯ ಹೊತ್ತಿಗೆ ಮುಳುಗುತ್ತಾನೆ, ಬಹುಳ ಅಷ್ಟಮಿಯವನು ನಡುರಾತ್ರಿಯ ಹೊತ್ತಿಗೆ ಹುಟ್ಟುತ್ತಾನೆ. ಆದ್ದರಿಂದ ಕತ್ತಲೆ ಸಿಗುವುದು ತಿಂಗಳಿಗೆ ಹತ್ತು ಹನ್ನೊಂದು ರಾತ್ರಿ. ಜೂನ್‌ನಿಂದ ಮುಂಗಾರಿನ ಮೋಡ, ಅಕ್ಟೋಬರ್ ನವೆಂಬರ್‌ನಲ್ಲಿ ಹಿಂಗಾರಿನದು. ಡಿಸೆಂಬರ್‌ನಿಂದ ಮೇ ವರೆಗಿನ ಆರು ತಿಂಗಳನ್ನಷ್ಟೇ ನಂಬಿದರೆ ಅರವತ್ತು ಚಿಲ್ಲರೆ ರಾತ್ರಿ. ವಾರವಿಡೀ ಆಫೀಸಿದ್ದು ಶುಕ್ರವಾರ, ಶನಿವಾರ ಮಾತ್ರ ಬಿಡುವು ಎಂದರೆ ಅದರಲ್ಲಿ ಏಳನೇ ಎರಡು ಭಾಗ, ಅಂದರೆ ಹದಿನೆಂಟು. ಏಪ್ರಿಲ್ ಮೇ ತಿಂಗಳ ಸಂಜೆ ಮಳೆ, ಮದುವೆಮನೆ, ಮಗುವಿನ ಜ್ವರ ಎಲ್ಲ ಕಳೆದರೆ ವರ್ಷಕ್ಕೆ ಹತ್ತು ರಾತ್ರಿ ಉಳಿದರೆ ಪುಣ್ಯ. ಆಕಾಶಗಂಗೆಯ ಫೋಟೊ ನಂಬಿ ಕೆಲಸ ಬಿಡುವ ಯೋಚನೆ ಇರುವವರು ಈ ಹತ್ತನ್ನು ಒಮ್ಮೆ ದಿಟ್ಟಿಸಿ ನೋಡಬೇಕು. ಬರಹಕ್ಕೆ ಈ ಕಾಟವಿಲ್ಲ. ಮೋಡ ಕವಿದ ಜುಲೈನಲ್ಲೂ ಲೇಖನ ಬರೆಯಬಹುದು. ಗ್ರಹಣ ಮೋಡದ ಹಿಂದೆ ಮುಗಿದು ಹೋದರೂ ಅದರ ಬಗ್ಗೆ ಬರೆದ ಲೇಖನ ಹಿಂದಿನ ದಿನವೇ ಅಚ್ಚಾಗಿರುತ್ತದೆ.

ಹಕ್ಕಿನ ವಿಷಯದಲ್ಲಿ ಬರೆಯುವವರ ಸ್ಥಿತಿಯೂ ಫೋಟೊದವರ ಸ್ಥಿತಿಯೂ ಒಂದೇ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸ್ವತಂತ್ರ ಲೇಖಕರು ಬರೆದದ್ದರ ಹಕ್ಕು, ಅವರು ಬರಹದ ಮೂಲಕ ಬಿಟ್ಟುಕೊಡದ ಹೊರತು, ಅವರದೇ. ಆದರೆ ಯಾರಾದರೂ ದುಡ್ಡು ಕೊಟ್ಟು ‘ನಮಗೊಂದು ಫೋಟೊ ತೆಗೆದುಕೊಡಿ’ ಎಂದು ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಆ ಫೋಟೊದ ಮೊದಲ ಹಕ್ಕುದಾರರು ದುಡ್ಡು ಕೊಟ್ಟವರು. ರೆಸಾರ್ಟಿಗೆ ತೆಗೆದುಕೊಟ್ಟ ಚಿತ್ರವನ್ನು ಮರುವರ್ಷ ಕ್ಯಾಲೆಂಡರಿಗೆ ಮಾರಲು ಹೋದಾಗ ತಕರಾರು ಹುಟ್ಟುವುದು ಇಲ್ಲಿಂದಲೇ. ‘ಹಕ್ಕು ಛಾಯಾಗ್ರಾಹಕರದು, ನಿಮಗೆ ಇಂಥಿಂಥ ಬಳಕೆಗೆ ಇಷ್ಟು ವರ್ಷದ ಅನುಮತಿ’ ಎಂದು ಎರಡು ಸಾಲು ಮೊದಲೇ ಬರೆಸಿಕೊಳ್ಳಿ. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ಹಿಡಿಯುತ್ತದೆ.

ಇನ್ನು ಊರಿನ ಮಾತು. ಆಕಾಶದ ಕತ್ತಲೆಯನ್ನು 1ರಿಂದ 9ರವರೆಗೆ ಅಳೆಯುವ ಬಾರ್ಟಲ್ ಮಾಪಕದಲ್ಲಿ ಬೆಂಗಳೂರಿನ ಒಳಭಾಗ 8–9ರಲ್ಲಿದೆ. ಅಂದರೆ ಬರಿಗಣ್ಣಿಗೆ ಬೆರಳೆಣಿಕೆಯ ನಕ್ಷತ್ರ. ಆದರೆ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆ, ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆ, ಜೊತೆಗೆ ಇಸ್ರೊ ಕೇಂದ್ರ ಕಚೇರಿ, ಹೈಗ್ರೌಂಡ್ಸ್‌ನಲ್ಲಿ 1989ರಿಂದ ನಡೆಯುತ್ತಿರುವ ಜವಾಹರಲಾಲ್ ನೆಹರೂ ತಾರಾಲಯ, ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯ ಇವೆಲ್ಲ ಒಂದೇ ಸುತ್ತಳತೆಯಲ್ಲಿವೆ. ಫೋಟೊದವರಿಗೆ ಈ ಊರು ಹೊರೆ, ಬರೆಯುವವರಿಗೆ ವರ. ಕೆಳಗಿನ ಹೋಲಿಕೆಯೆಲ್ಲ ಸುತ್ತಿ ಸುತ್ತಿ ಇದೇ ಮಾತಿಗೆ ಬರುತ್ತದೆ.

ಸ್ವತಂತ್ರ ಬರಹ ಮತ್ತು ಅನುವಾದ

ಬಂಡವಾಳ ಎಂದರೆ ಒಂದು ಲ್ಯಾಪ್‌ಟಾಪ್, ಆಕಾಶದ ನಕ್ಷೆ ತೋರಿಸುವ, ಉಚಿತವಾಗಿ ಸಿಗುವ ಸ್ಟೆಲೇರಿಯಂ ತಂತ್ರಾಂಶ, 10×50 ಬೈನಾಕ್ಯುಲರ್. ಚಿತ್ರಗಳಿಗೂ ಖರ್ಚಿಲ್ಲ. ನಾಸಾದ ಬಹುಪಾಲು ಚಿತ್ರಗಳಿಗೆ ಕೃತಿಸ್ವಾಮ್ಯದ ನಿರ್ಬಂಧವಿಲ್ಲ, ಯುರೋಪಿನ ದಕ್ಷಿಣ ವೀಕ್ಷಣಾಲಯದ ಚಿತ್ರಗಳನ್ನು ಕೃಪೆ ನಮೂದಿಸಿ ಬಳಸಬಹುದು. (ಇದೇ ಸಂಗತಿ ಫೋಟೊ ಮಾರಲು ಹೊರಟವರಿಗೆ ಕಂಟಕ. ಅದು ಆಮೇಲೆ.)

ವಸ್ತುವಿಗೆ ಬರವಿಲ್ಲ. ಸೂರ್ಯ ನಡುಹಗಲಿನಲ್ಲಿ ನೆತ್ತಿಗೇ ಬಂದು ನೆಟ್ಟಗೆ ನಿಂತ ಕಂಬದ ನೆರಳು ಕಾಣದಾಗುವ ಶೂನ್ಯ ನೆರಳಿನ ದಿನ ಬೆಂಗಳೂರಿಗೆ ಪ್ರತಿ ವರ್ಷ ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು. ಸಂಕ್ರಾಂತಿಯ ಸಂಜೆ ಗವಿಗಂಗಾಧರೇಶ್ವರನ ಗುಡಿಯೊಳಗೆ ಬಿಸಿಲು ಇಳಿಯುವುದು ಎಲ್ಲರಿಗೂ ಗೊತ್ತು. ಜನವರಿ ನಡುವಿನಲ್ಲಿ ಸೂರ್ಯ ದಕ್ಷಿಣಕ್ಕೆ ಎಷ್ಟು ವಾಲಿರುತ್ತಾನೋ ನವೆಂಬರ್ ಕೊನೆಯಲ್ಲೂ ಅಷ್ಟೇ ವಾಲಿರುತ್ತಾನೆ ಎಂಬುದನ್ನು ಬರೆದರೆ ಹಳೆಯ ಸುದ್ದಿಗೆ ಹೊಸ ಬೆಲೆ. ಡಿಸೆಂಬರ್ 13–14ರ ಜೆಮಿನಿಡ್ ಉಲ್ಕೆಗಳು, ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನ ಇವೂ ತಪ್ಪದೆ ಬರುತ್ತವೆ. ಸೂರ್ಯನನ್ನು ಗಮನಿಸುವ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ಭಾರತೀಯ ಖಭೌತ ಸಂಸ್ಥೆಯದು. 2024ರ ಜನವರಿ 1ರಂದು ಹಾರಿದ ಉಪಗ್ರಹ ಎಕ್ಸ್‌ಪೊಸ್ಯಾಟ್‌ನಲ್ಲಿರುವ ಪೋಲಿಕ್ಸ್ ಉಪಕರಣ ರಾಮನ್ ಸಂಸ್ಥೆಯದು. ಮಾಡಿದವರನ್ನೇ ಭೇಟಿಯಾಗಲು ಬಿಎಂಟಿಸಿ ಬಸ್ ಸಾಕು, ಬೇರೆ ಊರಿನ ಲೇಖಕರಿಗೆ ಈ ಅನುಕೂಲವಿಲ್ಲ. ಒಂದು ಎಚ್ಚರ: ಇಮೇಲ್‌ನಲ್ಲಿ ‘ಸಂದರ್ಶನ ಬೇಕು’ ಎಂದಷ್ಟೇ ಬರೆದರೆ ಉತ್ತರ ಬರುವುದು ಅಪರೂಪ. ಅವರ ಪ್ರಬಂಧದ ಸಾರಾಂಶ ಓದಿ ಮೂರು ಪ್ರಶ್ನೆಗಳನ್ನು ಜೊತೆಗಿಟ್ಟು ಕಳಿಸಿ.

ಸಂಪಾದಕರು ಒಬ್ಬ ಲೇಖಕರನ್ನು ಮತ್ತೆ ಕರೆಯುವುದೋ ಬಿಡುವುದೋ ಎಂಬುದು ಭಾಷೆಯ ಸೊಗಸಿಗಿಂತ ಹೆಚ್ಚಾಗಿ ತಪ್ಪುಗಳ ಮೇಲೆ ನಿಂತಿರುತ್ತದೆ. ಖಗೋಳ ಬರಹದಲ್ಲಿ ಮರುಕಳಿಸುವ ತಪ್ಪುಗಳು ಕೆಲವೇ.

ಮೊದಲನೆಯದು ತಾರೀಖು. ವಿದೇಶಿ ಪಟ್ಟಿಗಳು ಯುಟಿ (ಗ್ರೀನಿಚ್ ಲೆಕ್ಕದ ವಿಶ್ವಕಾಲ) ಸಮಯದಲ್ಲಿರುತ್ತವೆ, ನಮ್ಮ ಸಮಯ ಬೇಕೆಂದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ಪೂರ್ಣ ಹಂತ ಯುಟಿಯಲ್ಲಿ 17:30ರಿಂದ 18:52ರವರೆಗೆ, ಎರಡೂ 7ನೇ ತಾರೀಖೇ. ನಮ್ಮ ಗಡಿಯಾರದಲ್ಲಿ ಅದು ರಾತ್ರಿ 11ಕ್ಕೆ ಶುರುವಾಗಿ 12:22ಕ್ಕೆ, ಅಂದರೆ 8ನೇ ತಾರೀಖಿಗೆ ಮುಗಿಯಿತು. ಉಲ್ಕಾಪಾತದ ‘ಗರಿಷ್ಠ ಹಂತ 12ರಂದು 20 ಗಂಟೆಗೆ’ ಎಂದಿದ್ದರೆ ಓದುಗರು ಏಳಬೇಕಾದದ್ದು 13ರ ನಸುಕಿನ ಒಂದೂವರೆಗೆ. ಒಂದು ದಿನ ತಪ್ಪಿದರೆ ಓದುಗರು ಚಳಿಯಲ್ಲಿ ಟೆರೇಸ್ ಮೇಲೆ ಕೂತು ಬೈಯುತ್ತಾರೆ.

ಎರಡನೆಯದು ಸೊನ್ನೆಗಳು. ಬಿಲಿಯನ್ ಎಂದರೆ ನೂರು ಕೋಟಿ. ವಿಶ್ವದ ವಯಸ್ಸು 13.8 ಬಿಲಿಯನ್ ಎಂದಿದ್ದರೆ 1,380 ಕೋಟಿ ವರ್ಷ. ಅದು 138 ಕೋಟಿಯಾಗಿ ಅಚ್ಚಾಗುವುದು ಹೊಸತೇನಲ್ಲ. ಜ್ಯೋತಿರ್ವರ್ಷ ದೂರದ ಅಳತೆ, 9.46 ಲಕ್ಷ ಕೋಟಿ ಕಿಲೋಮೀಟರ್. ‘ಲಕ್ಷ ಜ್ಯೋತಿರ್ವರ್ಷಗಳ ಹಿಂದೆ’ ಎಂದು ಬರೆದರೆ ಅಲ್ಲಿಗೆ ಮುಗಿಯಿತು.

ಮೂರನೆಯದು ಭರವಸೆ. ‘ಗಂಟೆಗೆ 120 ಉಲ್ಕೆ’ ಎಂಬ ಸಂಖ್ಯೆ ಕಟ್ಟುಗತ್ತಲೆಯ ಆಕಾಶದಲ್ಲಿ, ಉಲ್ಕೆಗಳು ಹೊಮ್ಮುವ ಬಿಂದು ನೆತ್ತಿಯ ಮೇಲಿದ್ದಾಗಿನ ಲೆಕ್ಕ. ಜಯನಗರದ ಟೆರೇಸಿನಿಂದ ಅದರಲ್ಲಿ ಹತ್ತನೇ ಒಂದು ಕಂಡರೂ ದೊಡ್ಡದು. ‘ಸೂಪರ್‌ಮೂನ್ ಶೇ 14 ದೊಡ್ಡದು’ ಎಂಬುದು ವರ್ಷದ ಅತಿ ಚಿಕ್ಕ ಹುಣ್ಣಿಮೆ ಚಂದ್ರನಿಗೆ ಹೋಲಿಸಿ ಹೇಳುವ ಮಾತು. ‘ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ’ ಎಂಬ ಆಗಸ್ಟ್ ತಿಂಗಳ ಸುಳ್ಳು 2003ರಿಂದ ಸುತ್ತುತ್ತಿದೆ. ಪ್ರತಿ ವರ್ಷ ಯಾರೋ ಒಬ್ಬರು ಅದಕ್ಕೆ ಬೀಳುತ್ತಾರೆ.

ಕನ್ನಡದ್ದೇ ಆದ ತೊಡಕುಗಳೂ ಇವೆ. ಕಪ್ಪುಕುಳಿಯೋ, ಕೃಷ್ಣರಂಧ್ರವೋ, ಕಪ್ಪುರಂಧ್ರವೋ? ಪತ್ರಿಕೆಯಿಂದ ಪತ್ರಿಕೆಗೆ ಬದಲು. ಕಳಿಸುವ ಪತ್ರಿಕೆಯ ಹಿಂದಿನ ನಾಲ್ಕು ಲೇಖನ ನೋಡಿ ಅವರ ಪದವನ್ನೇ ಹಿಡಿಯಿರಿ. ಆರಿದ್ರಾ, ಲುಬ್ಧಕ, ಅಗಸ್ತ್ಯ, ಸ್ವಾತಿ ಎಂಬ ಹೆಸರುಗಳು ಓದುಗರ ಅಜ್ಜಿಗೂ ಗೊತ್ತು, ಅವಿರುವಾಗ ಆರಿದ್ರೆಗೆ ಬೀಟಲ್‌ಜ್ಯೂಸ್ ಎಂಬ ಹೆಸರೊಂದನ್ನೇ ಹಿಡಿದು ಜಗ್ಗಬೇಕಿಲ್ಲ. ಗ್ರಹಣದ ಲೇಖನ ಕೇಳುವವರು ‘ಯಾವ ರಾಶಿಗೆ ದೋಷ, ಅದನ್ನೂ ಒಂದು ಸಾಲು ಸೇರಿಸಿ’ ಎನ್ನಬಹುದು. ಒಪ್ಪುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಒಮ್ಮೆ ಒಪ್ಪಿದರೆ ಮುಂದಿನ ಸಲ ಆ ಒಂದು ಸಾಲಿಗಷ್ಟೇ ಫೋನ್ ಬರುತ್ತದೆ.

ಭಾನುವಾರದ ಪುರವಣಿಯ ಪುಟ ವಾರದ ನಡುವೆಯೇ ಮುಗಿದಿರುತ್ತದೆ. ಘಟನೆಗೆ ಹತ್ತು ದಿನ ಮುಂಚೆ ನಾಲ್ಕು ಸಾಲಿನ ಪ್ರಸ್ತಾವ, ಒಪ್ಪಿದರೆ ಎರಡು ದಿನದಲ್ಲಿ 600 ಪದ, ಇದು ನಡೆಯುವ ಲೆಕ್ಕ. ಯುನಿಕೋಡ್‌ನಲ್ಲಿ ಕಳಿಸಿ, ಜೊತೆಗೊಂದು ಪಿಡಿಎಫ್ ಇರಲಿ. ಹಳೆಯ ನುಡಿ ಫಾಂಟಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಕೆಡುತ್ತವೆ. ಪಿಡಿಎಫ್ ಇದ್ದರೆ ಪುಟ ಕಟ್ಟುವವರು ತಾಳೆ ನೋಡಿಕೊಳ್ಳುತ್ತಾರೆ.

ದುಡ್ಡು? ಪತ್ರಿಕೆಯ ಸಂಭಾವನೆ ಚಿಕ್ಕದು, ಬರುವುದು ತಡ. ಲೇಖನಕ್ಕೆ ಸಾವಿರದೈನೂರು ಎಂದು ಊಹಿಸಿ ತಿಂಗಳಿಗೆ ನಾಲ್ಕು ಬರೆದರೂ ಆರು ಸಾವಿರ, ಬೆಂಗಳೂರಿನಲ್ಲಿ ಒಂದು ಕೋಣೆಯ ಬಾಡಿಗೆಗೂ ಸಾಲದು. ಹಾಗಾದರೆ ಬರೆಯುವವರು ಬದುಕುವುದು ಹೇಗೆಂದರೆ ಅನುವಾದದಿಂದ. ಶಿಕ್ಷಣ ಕ್ಷೇತ್ರದ ಸಂಸ್ಥೆಗಳಿಗೆ, ಪ್ರಕಾಶಕರಿಗೆ ವಿಜ್ಞಾನವೂ ಕನ್ನಡವೂ ಬರುವವರು ಬೇಕು, ಇಂಥವರು ಕಡಿಮೆ. ದರ ಮಾತಾಡುವಾಗ ಒಂದು ವಿಷಯ ಮರೆಯಬೇಡಿ: ಇಂಗ್ಲಿಷಿನ ಸಾವಿರ ಪದ ಕನ್ನಡಕ್ಕೆ ಬಂದಾಗ ವಿಭಕ್ತಿಗಳೆಲ್ಲ ಪದಕ್ಕೇ ಅಂಟಿಕೊಂಡು ಏಳುನೂರು ಎಂಟುನೂರಕ್ಕೆ ಇಳಿಯುತ್ತದೆ. ಮೂಲದ ಪದಕ್ಕೆ ಲೆಕ್ಕವೋ, ಅನುವಾದದ್ದಕ್ಕೋ ಎಂದು ಕೇಳದೆ ಒಪ್ಪಿಕೊಂಡರೆ ಕಾಲು ಭಾಗ ಕೂಲಿ ಕೈತಪ್ಪಿದಂತೆ. ವೃತ್ತಿ ಶುಲ್ಕ ಎಂದು ಕೊಡುವ ದುಡ್ಡಿನಲ್ಲಿ ಸಾಮಾನ್ಯವಾಗಿ ಶೇ 10 ಟಿಡಿಎಸ್ ಹಿಡಿಯುತ್ತಾರೆ. ಆದಾಯ ಕಡಿಮೆಯಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಅಷ್ಟು ಕಷ್ಟ ಪಡದೆ ಬಿಟ್ಟುಬಿಡುವವರೇ ಹೆಚ್ಚು.

ಸಂಸ್ಥೆಯೊಳಗಿನ ಕೆಲಸ

ತಾರಾಲಯ, ಸಂಶೋಧನಾ ಸಂಸ್ಥೆಗಳ ಜನಸಂಪರ್ಕ ವಿಭಾಗ, ವಸ್ತು ಸಂಗ್ರಹಾಲಯ, ವಿಜ್ಞಾನ ಶಿಕ್ಷಣದ ಸ್ವಯಂಸೇವಾ ಸಂಸ್ಥೆ, ಕಂಪನಿ. ಖಭೌತ ಸಂಸ್ಥೆಯಲ್ಲಿ ಸಂವಹನ ಮತ್ತು ಶಿಕ್ಷಣಕ್ಕೆಂದೇ ವಿಭಾಗವಿದೆ. ಸಾಮಾನ್ಯವಾಗಿ ಭೌತಶಾಸ್ತ್ರದ ಎಂಎಸ್‌ಸಿ ಕೇಳುತ್ತಾರೆ, ಹಲವು ಹುದ್ದೆಗಳು ಗುತ್ತಿಗೆಯವು ಅಥವಾ ಯೋಜನೆಯೊಂದಕ್ಕೆ ಸೇರಿದವು. ಸಂಬಳ ಖಾತರಿ, ರಾತ್ರಿ ನಿದ್ದೆ ಖಾತರಿ, ವಿಜ್ಞಾನಿಗಳ ಜೊತೆ ಕಾಫಿ ಖಾತರಿ. ಬದಲಿಗೆ ಬಿಟ್ಟುಕೊಡುವುದು ಹೆಸರನ್ನು: ಪೋಸ್ಟರ್, ಪತ್ರಿಕಾ ಪ್ರಕಟಣೆ, ವಿಡಿಯೊ ಸ್ಕ್ರಿಪ್ಟ್ ಎಲ್ಲದರ ಹಕ್ಕೂ ಸಂಸ್ಥೆಯದು. ಕೆಲಸದ ಅರ್ಧ ಭಾಗ ಶಾಲೆಗಳ ಬಸ್ಸು ಎಷ್ಟೊತ್ತಿಗೆ ಬರುತ್ತದೆ, ಪ್ರೊಜೆಕ್ಟರ್ ಕೇಬಲ್ ಎಲ್ಲಿ ಹೋಯಿತು ಎಂಬಂಥದ್ದು.

ಎಂಎಸ್‌ಸಿ ಮುಗಿಸಿದ, ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಐದರಲ್ಲಿ ಇದೇ ಒಳ್ಳೆಯ ಆರಂಭ. ಅರ್ಜಿಗೆ ಅಂಕಪಟ್ಟಿಯ ಜೊತೆ ಪ್ರಕಟವಾದ ಐದು ಕನ್ನಡ ಲೇಖನ, ಹತ್ತು ನಿಮಿಷದ ಒಂದು ಉಪನ್ಯಾಸದ ವಿಡಿಯೊ ಇಟ್ಟರೆ ಅರ್ಜಿಯ ರಾಶಿಯಲ್ಲಿ ಕಣ್ಣಿಗೆ ಬೀಳುತ್ತದೆ. ಅದಕ್ಕೂ ಮುಂಚೆ ತಾರಾಲಯದ ಭಾನುವಾರದ ಕಾರ್ಯಕ್ರಮಗಳಿಗೆ, ‘ಕಾಪಿ ವಿತ್ ಕ್ಯೂರಿಯಾಸಿಟಿ’ ಉಪನ್ಯಾಸಗಳಿಗೆ ಒಂದು ವರ್ಷ ತಪ್ಪದೆ ಹೋಗಿ. ಮುಖ ಪರಿಚಯವಾಗುವುದು ಅಲ್ಲೇ.

ನೆಲವೂ ಬಾನೂ ಇರುವ ಫೋಟೊ

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬರುವ ಕಿಟ್ ಲೆನ್ಸ್, ಅಲುಗಾಡದ ಟ್ರೈಪಾಡ್, ಇಂಟರ್ವಲೋಮೀಟರ್ (ಸಾಲಾಗಿ ತಾನೇ ಚಿತ್ರ ತೆಗೆಸುವ ರಿಮೋಟ್) ಸೇರಿ ಮೂವತ್ತೈದು ನಲವತ್ತು ಸಾವಿರ ಇಟ್ಟುಕೊಳ್ಳಿ. ಮುಂದಿನ ಮೆಟ್ಟಿಲು ಅಗಲ ನೋಟದ, ಹೆಚ್ಚು ಬೆಳಕು ಬಿಡುವ 14 ಮಿ.ಮೀ. ಎಫ್/2.8 ಲೆನ್ಸ್, ಅದಕ್ಕೆ ಇನ್ನೊಂದು ಇಪ್ಪತ್ತೈದು ಮೂವತ್ತು. ಅದರ ಮುಂದಿನದು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ, ಅಲ್ಲಿಗೆ ಒಂದೂವರೆ ಲಕ್ಷ ದಾಟುತ್ತದೆ. ಮೊದಲು ಕೊಳ್ಳಬೇಕಾದದ್ದು ಲೆನ್ಸ್. ಬಹಳ ಜನ ಉಲ್ಟಾ ಮಾಡುತ್ತಾರೆ.

ಎಲ್ಲಿಗೆ ಹೋಗುವುದು ಎಂಬಲ್ಲಿ ಹೊಸಬರ ಮೊದಲ ತಪ್ಪು. ನಂದಿ ಬೆಟ್ಟದಲ್ಲಿ ರಾತ್ರಿ ಪ್ರವೇಶವಿಲ್ಲ, ಅದು ಬೇರೆ ಮಾತು. ನಂದಿ, ಚಿಕ್ಕಬಳ್ಳಾಪುರದ ಕಡೆ ಎಲ್ಲಿ ನಿಂತರೂ ದಕ್ಷಿಣಕ್ಕೆ ಬೆಂಗಳೂರಿನ ಬೆಳಕಿನ ಗುಡ್ಡೆ ಇರುತ್ತದೆ. ಆಕಾಶಗಂಗೆಯ ದಟ್ಟ ನಡುಭಾಗ ಆಗ್ನೇಯದಲ್ಲಿ ಹುಟ್ಟಿ ದಕ್ಷಿಣದಲ್ಲಿ ಮೇಲೇರುತ್ತದೆ, ಅಂದರೆ ಸರಿಯಾಗಿ ಆ ಗುಡ್ಡೆಯ ಮೇಲೆ. ಊರನ್ನು ಬೆನ್ನಿಗೆ ಹಾಕಿಕೊಂಡು ದಕ್ಷಿಣಕ್ಕೆ ಹೋಗಬೇಕು: ಕನಕಪುರ ದಾಟಿ ಮಳವಳ್ಳಿ, ಕೊಳ್ಳೇಗಾಲದ ಕಡೆ. ಆ ಕಡೆ ಕಾಡು, ಆನೆ ಎರಡೂ ಇವೆ. ರಸ್ತೆ ಬದಿ ಟ್ರೈಪಾಡ್ ಹಾಕಿ ನಿಲ್ಲುವ ಬದಲು ಪರಿಚಯದವರ ತೋಟ, ಹೋಂಸ್ಟೇ ಹಿಡಿಯಿರಿ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು.

ನಮಗಿರುವ ಒಂದು ಭಾಗ್ಯವೆಂದರೆ ಅಕ್ಷಾಂಶ. 13 ಡಿಗ್ರಿಯಲ್ಲಿರುವುದರಿಂದ ಆಕಾಶಗಂಗೆಯ ನಡುಭಾಗ ದಿಗಂತದಿಂದ 48 ಡಿಗ್ರಿ ಮೇಲೇರುತ್ತದೆ. ಲಂಡನ್‌ನವರಿಗೆ ಅದು ಹತ್ತು ಡಿಗ್ರಿಯೂ ಏರುವುದಿಲ್ಲ. ತ್ರಿಶಂಕು ನಕ್ಷತ್ರಪುಂಜ, ಒಮೆಗಾ ಸೆಂಟಾರಿ ಗುಚ್ಛ ಕೂಡ ನಮಗೆ ಸಲೀಸು. ನಡುಭಾಗ ದಿಗಂತ ದಾಟುವುದು ಫೆಬ್ರುವರಿ ನಡುವೆ ನಸುಕಿನ 3ರ ಸುಮಾರಿಗೆ, ಏಪ್ರಿಲ್ ನಡುವೆ ರಾತ್ರಿ 11ಕ್ಕೆ, ಮೇ ನಡುವೆ 9ಕ್ಕೆ. ಚೆನ್ನಾಗಿ ಕಾಣುವಷ್ಟು ಮೇಲೆ ಬರಲು ಅಲ್ಲಿಂದ ಒಂದೂವರೆ ಗಂಟೆ.

ತೆಗೆಯುವ ಕ್ರಮ ಹೀಗೆ. ಕತ್ತಲಾಗುವ ಮುಂಚೆ ಜಾಗ ನೋಡಿ ಟ್ರೈಪಾಡ್ ನಿಲ್ಲಿಸಿ, ಮಧ್ಯದ ಕಂಬ ಎತ್ತಬೇಡಿ, ಗಾಳಿಗೆ ಅದೇ ಮೊದಲು ನಡುಗುವುದು. ಆಟೊಫೋಕಸ್ ಆಫ್. ಲೈವ್ ವ್ಯೂನಲ್ಲಿ ಒಂದು ಹೊಳೆಯುವ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಅದು ಸೂಜಿಮೊನೆಯಾಗುವವರೆಗೆ ಉಂಗುರ ತಿರುಗಿಸಿ, ಉಂಗುರದ ಮೇಲೆ ಟೇಪ್ ಅಂಟಿಸಿ. ಲೆನ್ಸ್ ಮೇಲೆ ಬರೆದಿರುವ ಅನಂತದ ಗುರುತನ್ನು ನಂಬಿ ಹಿಂತಿರುಗಿದವರ ಇಡೀ ರಾತ್ರಿಯ ಚಿತ್ರಗಳು ಮಸುಕು. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ), ಎಫ್/2.8 (ಕಿಟ್ ಲೆನ್ಸಿಗೆ ಅಷ್ಟು ಸಿಗದು, ಅದು ತೆರೆಯುವಷ್ಟು ತೆರೆಯಿರಿ), ಐಎಸ್‌ಒ 3200. ಎಷ್ಟು ಸೆಕೆಂಡು ಎನ್ನಲು 500ನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸುವ ಹಳೆಯ ಸೂತ್ರವಿದೆ. ಫುಲ್ ಫ್ರೇಮ್‌ಗಿಂತ ಚಿಕ್ಕದಾದ ಕ್ರಾಪ್ ಸೆನ್ಸರ್ ಆದರೆ ಮೊದಲು ಒಂದೂವರೆಯಿಂದ ಗುಣಿಸಬೇಕು. 18 ಮಿ.ಮೀ. ಕಿಟ್ ಲೆನ್ಸಿಗೆ 500 ಭಾಗಿಸು 27, ಹದಿನೆಂಟು ಸೆಕೆಂಡು. ಈಗಿನ ಹೆಚ್ಚು ಮೆಗಾಪಿಕ್ಸೆಲ್ ಸೆನ್ಸರುಗಳಲ್ಲಿ ಆ ಲೆಕ್ಕದಲ್ಲೂ ನಕ್ಷತ್ರ ಅಕ್ಕಿಕಾಳಿನಂತೆ ಉದ್ದವಾಗುತ್ತದೆ, ಹನ್ನೆರಡಕ್ಕೆ ಇಳಿಸಿ. ಒಂದೇ ಚಿತ್ರಕ್ಕೆ ನೆಚ್ಚಿಕೊಳ್ಳದೆ ಇಪ್ಪತ್ತು ತೆಗೆದು ಸೀಕ್ವೇಟರ್ ಅಥವಾ ಸಿರಿಲ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸಿದರೆ ಕಾಳುಕಾಳಾದ ನಾಯ್ಸ್ ತಗ್ಗುತ್ತದೆ. ಎರಡೂ ಉಚಿತ.

ಡಿಸೆಂಬರ್ ಜನವರಿಯಲ್ಲಿ ನಡುರಾತ್ರಿ ದಾಟಿದ ಮೇಲೆ ಲೆನ್ಸಿಗೆ ಮಂಜು ಕೂರುತ್ತದೆ. ನಕ್ಷತ್ರಗಳ ಸುತ್ತ ಹಿತವಾದ ಪ್ರಭೆ ಕಾಣತೊಡಗಿದರೆ ಖುಷಿಪಡಬೇಡಿ, ಅದು ಮಂಜೇ. ಬಟ್ಟೆಯಿಂದ ಒರೆಸಿದರೆ ಎರಡು ನಿಮಿಷಕ್ಕೆ ಮತ್ತೆ ಕೂರುತ್ತದೆ, ಫೋಕಸ್ ಉಂಗುರವೂ ಅಲುಗುತ್ತದೆ. ಲೆನ್ಸ್ ಸುತ್ತ ಸುತ್ತುವ ಯುಎಸ್‌ಬಿ ಹೀಟರ್ ಪಟ್ಟಿ ಬೇಕು. ಐದು ವಾಟ್‌ನದಾದರೆ 10,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು ಆರು ಗಂಟೆ ಎಳೆಯುತ್ತದೆ. ಬೆಸುಗೆ ಹಾಕಲು ಬರುವವರು ಎಸ್.ಪಿ. ರಸ್ತೆಯಲ್ಲಿ ರೆಸಿಸ್ಟರ್ ತಂದು ತಾವೇ ಮಾಡಿಕೊಳ್ಳಬಹುದು.

ಇಷ್ಟೆಲ್ಲ ಆದಮೇಲೆ ಕೊಳ್ಳುವವರು ಯಾರು? ನೀಹಾರಿಕೆಯ ಬೆರಗಿನ ಚಿತ್ರ ನಾಸಾದಿಂದ ಪುಕ್ಕಟೆ ಸಿಗುವಾಗ ಯಾರೂ ನಿಮ್ಮದಕ್ಕೆ ದುಡ್ಡು ಕೊಡುವುದಿಲ್ಲ. ನಾಸಾ ತೆಗೆಯಲಾರದ್ದು ನಿಮ್ಮೂರಿನ ಗೋಪುರದ ಹಿಂದಿನ ಚಂದ್ರನನ್ನು. ಅದನ್ನು ಯೋಜಿಸುವುದು ಸರಳ ಗುಣಾಕಾರ: ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ. ಯಾವುದೇ ವಸ್ತು ತನ್ನ ಎತ್ತರದ ಸುಮಾರು 115 ಪಟ್ಟು ದೂರದಿಂದ ಚಂದ್ರನಷ್ಟೇ ಕಾಣುತ್ತದೆ. 20 ಮೀಟರ್ ಗೋಪುರವಾದರೆ 2.3 ಕಿಲೋಮೀಟರ್ ದೂರ, ಅಲ್ಲೊಂದು ಎತ್ತರದ ಟೆರೇಸ್, 400–600 ಮಿ.ಮೀ. ಲೆನ್ಸ್. ಇದಕ್ಕೆ ಕತ್ತಲೆ ಬೇಡ, ಕಾಡು ಬೇಡ. ಬೆಂಗಳೂರಿನೊಳಗೇ ಆಗುತ್ತದೆ. ಗ್ರಹಣ, ಗ್ರಹಗಳ ಜೋಡಿ, ನಕ್ಷತ್ರಗಳ ಪಥ ಕೂಡ ಹಾಗೆಯೇ. ವರ್ಷಕ್ಕೆ ಹತ್ತು ರಾತ್ರಿಯ ಲೆಕ್ಕದಿಂದ ತಪ್ಪಿಸಿಕೊಳ್ಳುವ ಕಿಂಡಿ ಇದು. ಪ್ರಿಂಟ್ ಮಾರುವುದಾದರೆ 12×18 ಇಂಚಿಗೆ 300 ಡಿಪಿಐನಲ್ಲಿ 19 ಮೆಗಾಪಿಕ್ಸೆಲ್ ಬೇಕು. ಕತ್ತರಿಸಿ ಹಿಗ್ಗಿಸಿದ ಚಿತ್ರ ಮೊಬೈಲಿನಲ್ಲಿ ಚೆಂದ, ಗೋಡೆಯ ಮೇಲೆ ಬಂಡವಾಳ ಬಯಲು.

ಟೆಲಿಸ್ಕೋಪಿನ ಆಳ ಆಕಾಶ

ನೇರವಾಗಿ ಹೇಳುವುದಾದರೆ ಇದು ಹವ್ಯಾಸ, ಒಳ್ಳೆಯ ಹವ್ಯಾಸ. ನಕ್ಷತ್ರಗಳ ಜಾಡು ಹಿಡಿದು ತಿರುಗುವ ಮೌಂಟ್ (ಟೆಲಿಸ್ಕೋಪ್ ಕೂರಿಸುವ ತಳ), ಟೆಲಿಸ್ಕೋಪ್, ತಂಪಾಗಿಸಿದ ಕ್ಯಾಮೆರಾ, ಗೈಡ್ ಕ್ಯಾಮೆರಾ ಸೇರಿದರೆ ಎರಡು ಮೂರು ಲಕ್ಷ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಹೈಡ್ರೋಜನ್‌ನ 656.3 ನ್ಯಾನೊಮೀಟರ್ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಕಿದರೆ ನಗರದ ಟೆರೇಸಿನಿಂದಲೂ ನೀಹಾರಿಕೆಗಳು ಸಿಗುತ್ತವೆ, ಗೆಲಾಕ್ಸಿಗಳು ಸಿಗುವುದಿಲ್ಲ. ನಮ್ಮ ಅಕ್ಷಾಂಶ ಇಲ್ಲಿ ತಿರುಗಿ ಬೀಳುತ್ತದೆ: ಮೌಂಟನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು, ಅದು ಇರುವುದು ಕೇವಲ 13 ಡಿಗ್ರಿ ಎತ್ತರದಲ್ಲಿ. ಎದುರಿನ ಅಪಾರ್ಟ್‌ಮೆಂಟ್, ತೆಂಗಿನ ಮರ, ಧೂಳು ಯಾವುದಾದರೊಂದು ಅಡ್ಡ ಬಂದೇ ಬರುತ್ತದೆ. ಅಷ್ಟು ಕೆಳಕ್ಕೆ ಬಾಗಿಸಿದಾಗ ಸಮತೂಕದ ಸರಳು ಟ್ರೈಪಾಡ್ ಕಾಲಿಗೆ ಬಡಿಯುವುದೂ ಉಂಟು. ಕೊಳ್ಳುವ ಮುಂಚೆ ಅಂಗಡಿಯಲ್ಲೇ 13ಕ್ಕೆ ಇಟ್ಟು ಒಂದು ಸುತ್ತು ತಿರುಗಿಸಿ ನೋಡಿ. ಅರ್ಧ ಲಕ್ಷದ ಮೇಲಿನ ಸೀಸ್ಟಾರ್‌ನಂಥ ಪುಟ್ಟ ಸ್ಮಾರ್ಟ್ ಟೆಲಿಸ್ಕೋಪುಗಳು ಈ ತಾಪತ್ರಯ ತಪ್ಪಿಸುತ್ತವೆ. ಆದರೆ ಅದರ ಚಿತ್ರವೂ ಪಕ್ಕದ ಮನೆಯವರ ಸೀಸ್ಟಾರಿನ ಚಿತ್ರವೂ ಒಂದೇ.

ತೋರಿಸುವುದು, ಕಲಿಸುವುದು

ಬೇಗ ದುಡ್ಡು ಬರುವುದು ಇಲ್ಲಿ. ಬೇಕಾದದ್ದು ಕೈಯಿಂದಲೇ ತಿರುಗಿಸುವ ಎಂಟು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್, ಸುಮಾರು ಅರ್ಧ ಲಕ್ಷ, ಹಸಿರು ಲೇಸರ್, ಮಕ್ಕಳಿಗೊಂದು ಸ್ಟೂಲ್. ಸ್ಟೂಲ್ ಮರೆತರೆ ಎಂಟು ವರ್ಷದ ಮಗು ಟೆಲಿಸ್ಕೋಪಿನ ಕೊಳವೆಗೇ ಜೋತುಬೀಳುತ್ತದೆ. ತಲಾ 800 ರೂಪಾಯಿಯಂತೆ ಇಪ್ಪತ್ತು ಜನ ಎಂದರೆ ಹದಿನಾರು ಸಾವಿರ. ಗಾಡಿ, ಜಾಗದ ಬಾಡಿಗೆ, ಸಹಾಯಕರಿಗೆ ಕೊಟ್ಟು ಅರ್ಧ ಉಳಿಯಬಹುದು. ಆದರೆ ಇಪ್ಪತ್ತು ಜನಕ್ಕೆ ಒಂದೇ ಟೆಲಿಸ್ಕೋಪ್ ಇದ್ದರೆ ತಲಾ ನಲವತ್ತು ಸೆಕೆಂಡಿನಂತೆ ಒಂದು ಸುತ್ತಿಗೆ ಹದಿಮೂರು ನಿಮಿಷ, ಗಂಟೆಗೆ ನಾಲ್ಕೇ ವಸ್ತು. ಸಾಲಿನಲ್ಲಿ ನಿಂತವರನ್ನು ಹಿಡಿದಿಡಲು ಒಬ್ಬರು ನಕ್ಷತ್ರಪುಂಜದ ಕತೆ ಹೇಳುತ್ತಿರಬೇಕು. ಅದು ಬರುವವರಿಗೆ ಮಾತ್ರ ಈ ದಾರಿ. ಲೇಸರನ್ನು ವಿಮಾನದ ದಿಕ್ಕಿಗೆ ಹಿಡಿಯುವುದು ಅಪರಾಧ. ದೇವನಹಳ್ಳಿ, ಯಲಹಂಕದ ಸುತ್ತ ಅದನ್ನು ಜೇಬಿನಿಂದ ತೆಗೆಯದಿರುವುದೇ ಲೇಸು.

ಮೋಡ ಬಂದರೆ ಏನು ಎಂಬುದನ್ನು ಟಿಕೆಟ್ ಮಾರುವ ಮುಂಚೆ ಬರೆದಿಡಿ: ಅರ್ಧ ವಾಪಸ್ಸೋ, ಮುಂದಿನ ತಿಂಗಳಿಗೆ ಸೀಟೋ, ಪ್ರೊಜೆಕ್ಟರಿನಲ್ಲಿ ಸ್ಟೆಲೇರಿಯಂ ತೋರಿಸುವುದೋ. ಅಮಾವಾಸ್ಯೆಗೆ ಜೋತುಬೀಳಬೇಡಿ. ಊರಿನ ಜನಕ್ಕೆ ಚಂದ್ರನ ಕುಳಿಗಳು, ಶನಿಯ ಬಳೆ ಕಂಡರೆ ಸಾಕು, ಅವಕ್ಕೆ ಶುಕ್ಲ ಅಷ್ಟಮಿ ನವಮಿಯೇ ವಾಸಿ. ಫೋಟೊ ಶಿಬಿರವಾದರೆ ಒಬ್ಬ ಶಿಕ್ಷಕರಿಗೆ ಎಂಟಕ್ಕಿಂತ ಹೆಚ್ಚು ಜನ ಬೇಡ. ಎಂಟು ಬಗೆಯ ಕ್ಯಾಮೆರಾಗಳಲ್ಲಿ ಆಟೊಫೋಕಸ್ ಆಫ್ ಮಾಡಿಸುವಷ್ಟರಲ್ಲೇ ಮುಸ್ಸಂಜೆ ಕಳೆದಿರುತ್ತದೆ.

ಯಾರಿಗೆ ಯಾವುದು

ಆರು ತಿಂಗಳೊಳಗೆ ಮನೆ ಖರ್ಚು ಹುಟ್ಟಲೇಬೇಕು ಎನ್ನುವವರು ಫೋಟೊದ ಕಡೆ ಸದ್ಯ ನೋಡಬೇಡಿ. ಪದವಿ ಇದ್ದರೆ ಸಂಸ್ಥೆ, ಇಲ್ಲದಿದ್ದರೆ ಅನುವಾದ. ಐಟಿ ಕೆಲಸವಿದ್ದು ಶನಿವಾರ ಮಾತ್ರ ಬಿಡುವಿರುವವರಿಗೆ ತೋರಿಸುವ ಕೆಲಸ ಹೊಂದುತ್ತದೆ, ಅದರಲ್ಲಿ ಬಂದ ದುಡ್ಡಿನಿಂದ ಲೆನ್ಸ್ ಕೊಳ್ಳಿ. ಶಾಲಾ ಮೇಷ್ಟ್ರು, ಮೇಡಂಗಳಿಗೆ, ಮನೆಯಲ್ಲಿದ್ದುಕೊಂಡೇ ದುಡಿಯುವವರಿಗೆ ಬರಹ. ಕೈಯಲ್ಲಿ ಮೂವತ್ತು ಸಾವಿರ ಮಾತ್ರ ಇದ್ದರೆ ಬೈನಾಕ್ಯುಲರ್ ಕೊಂಡು ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟು ಬರೆಯಿರಿ. ಎರಡು ಲಕ್ಷ ಇದ್ದರೂ ಮೊದಲ ವರ್ಷ ಅರವತ್ತು ಸಾವಿರ ದಾಟಬೇಡಿ. ಮಿಕ್ಕದ್ದು ಪೆಟ್ರೋಲಿಗೆ, ಹೋಂಸ್ಟೇಗೆ ಬೇಕಾಗುತ್ತದೆ.

ಬರಹ, ಫೋಟೊ ಎರಡನ್ನೂ ಜೋಡಿಸಬಹುದೇ? ಬಹುದು, ಆದರೆ ಜೋಡಣೆಯ ದಿಕ್ಕು ಮುಖ್ಯ. ಬರೆಯುವವರು ತಮ್ಮ ಲೇಖನಕ್ಕೆ ತಾವೇ ತೆಗೆದ ಗ್ರಹಣದ ಚಿತ್ರ ಕೊಟ್ಟರೆ ಪುಟದಲ್ಲಿ ಜಾಗ ಹೆಚ್ಚು ಸಿಗುತ್ತದೆ. ಚಿತ್ರ ಇದೆಯೆಂದು ಅದರ ಸುತ್ತ ಲೇಖನ ಹೊಸೆದರೆ ಎರಡನೇ ಸಲಕ್ಕೆ ವಿಷಯ ಮುಗಿದಿರುತ್ತದೆ.

ಇಷ್ಟಾದ ಮೇಲೂ ಹೊಯ್ದಾಡುತ್ತಿದ್ದರೆ ಮುಂದಿನ ಅಮಾವಾಸ್ಯೆಗೆ ಎರಡು ಕೆಲಸ ಹಚ್ಚಿಕೊಳ್ಳಿ. ಒಂದು, ಮುಂದೆ ಬರಲಿರುವ ಯಾವುದಾದರೂ ಗ್ರಹಣದ ಬಗ್ಗೆ 600 ಪದ ಬರೆದು, ಸಮಯಗಳನ್ನೆಲ್ಲ ಭಾರತೀಯ ಕಾಲಮಾನಕ್ಕೆ ತಂದು, ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಓದಲು ಕೊಡಿ. ಎಲ್ಲಿ ತಡವರಿಸಿದಳೋ ಅಲ್ಲಿ ಗೆರೆ ಎಳೆದು ಅಷ್ಟನ್ನು ಮತ್ತೆ ಬರೆಯಿರಿ. ಇನ್ನೊಂದು, ಕ್ಯಾಮೆರಾ ಕೊಳ್ಳದೆ ಬಾಡಿಗೆಗೆ ತಂದು ಊರಾಚೆ ಒಂದು ರಾತ್ರಿ ನೂರು ಚಿತ್ರ ತೆಗೆದು, ಮಾರನೆಯ ದಿನ ಕೂತು ಪೇರಿಸಿ. ಎರಡರಲ್ಲಿ ಯಾವುದರ ಎರಡನೇ ಸುತ್ತಿಗೆ ಬೇಸರವಿಲ್ಲದೆ ಕೂತಿರಿ, ಗೆರೆ ಎಳೆದ ಸಾಲುಗಳನ್ನು ತಿದ್ದುವುದಕ್ಕೋ, ಮಸುಕಾದ ನಲವತ್ತು ಚಿತ್ರಗಳನ್ನು ಒಂದೊಂದಾಗಿ ತೆಗೆದು ಹಾಕುವುದಕ್ಕೋ ಎಂದು ನೋಡಿಕೊಳ್ಳಿ. ಕ್ಯಾಮೆರಾ ಬಾಡಿಗೆಯನ್ನು ಶನಿವಾರ ರಾತ್ರಿಯೊಂದಕ್ಕೆ ಮಾತಾಡುವಾಗ ಸೋಮವಾರ ಬೆಳಿಗ್ಗೆ ಹಿಂತಿರುಗಿಸುವುದೆಂದು ಬರೆಸಿ. ಭಾನುವಾರ ಅಂಗಡಿ ಮುಚ್ಚಿದ್ದರೆ ಇನ್ನೊಂದು ದಿನದ ಬಾಡಿಗೆ ಕೇಳುತ್ತಾರೆ.